'ಅಳಬೇಡಿ' ಅನ್ನುವವರು ಬೇಡ, ಪಕ್ಕದಲ್ಲಿ ಕೂರುವವರು ಬೇಕು!

ಮಂಗಳೂರು: ಮೊನ್ನೆ ನವೆಂಬರ್ 2ರ ಸಂಜೆ ಸಿಟಿ ಬಸ್ಸಿನಲ್ಲಿ ಬಂದವರು ಗಮನಿಸಿರಬಹುದು. ಇಗರ್ಜಿ ಸ್ಟಾಪ್ ಬಂದದ್ದೇ ಅರ್ಧ ಬಸ್ಸು ಖಾಲಿ! ಇಳಿದವರ ಕೈಯಲ್ಲಿ ಸೇವಂತಿಗೆ ಹೂವಿನ ಪೊಟ್ಟಣ, ಮೇಣದ ಬತ್ತಿಯ ಕಟ್ಟು. ಮದುವೆಗಲ್ಲ, ವಾರ್ಷಿಕ ಹಬ್ಬಕ್ಕೂ ಅಲ್ಲ. ಎಲ್ಲರೂ ಹೊರಟದ್ದು ಸಿಮೆಟ್ರಿಗೆ.

ಕ್ಯಾಥೊಲಿಕ್ ಬಾಂಧವರಿಗೆ ಅದು ಸತ್ತವರೆಲ್ಲರ ನೆನಪಿನ ದಿನ. ಸುಮಾರು ಸಾವಿರ ವರ್ಷದ ಹಿಂದೆ ಫ್ರಾನ್ಸಿನ ಕ್ಲೂನಿ ಎಂಬ ಮಠದ ಅಧಿಪತಿ ಓಡಿಲೋ ತನ್ನ ಮಠಗಳಲ್ಲಿ ಶುರು ಮಾಡಿದ ಪದ್ಧತಿ, ನಮ್ಮ ಕರಾವಳಿಯ ಹಳ್ಳಿಹಳ್ಳಿಗೂ ಬಂದು ಮುಟ್ಟಿದೆ. ಗೋರಿಯ ಕಳೆ ಕೀಳುತ್ತಾರೆ, ತೊಳೆಯುತ್ತಾರೆ, ಹೂ ಇಟ್ಟು ಬತ್ತಿ ಹಚ್ಚುತ್ತಾರೆ. ಪಾದ್ರಿಗಳು ತೀರ್ಥ ಚಿಮುಕಿಸುತ್ತಾರೆ.

ಅಂದ ಹಾಗೆ, ಸಿಮೆಟ್ರಿ ಎಂಬ ಮಾತಿನ ಮೂಲ ಗ್ರೀಕ್ ಭಾಷೆಯಲ್ಲಿದೆ. ಅಲ್ಲಿ ಅದರ ಅರ್ಥ ಮಲಗುವ ಜಾಗ! ಮಲಗಿದವರು ಒಂದು ದಿನ ಏಳುತ್ತಾರೆ ಎಂಬುದು ಕ್ರೈಸ್ತರ ನಂಬಿಕೆ. ಹೆಸರಿನಲ್ಲಿಯೇ ಆ ಆಸೆ ಉಂಟು.

ಬಾಯಮ್ಮನ ಅಂಗಡಿ

ಇಗರ್ಜಿ ರಸ್ತೆಯ ತಿರುವಿನಲ್ಲಿ ಒಬ್ಬ ಬಾಯಮ್ಮನ ಜಿನಸಿನ ಅಂಗಡಿ. ಹೆಸರು ಹಾಕುವುದು ಬೇಡ ಅಂದಿದ್ದಾರೆ, ಹಾಕುವುದಿಲ್ಲ. ವರ್ಷದಲ್ಲಿ ಅತಿ ಹೆಚ್ಚು ಮೇಣದ ಬತ್ತಿ ಖರ್ಚಾಗುವುದು ಆ ದಿನವೇ. ಆದರೆ ಎರಡು ವರ್ಷದ ಹಿಂದೆ ಆ ದಿನ ಅಂಗಡಿಯ ಬಾಗಿಲು ತೆರೆದಿರಲಿಲ್ಲ.

ಒಬ್ಬನೇ ಮಗ, ಗಲ್ಫಿನಲ್ಲಿದ್ದ. ರಾತ್ರಿ ಮಲಗಿದವನು ಬೆಳಿಗ್ಗೆ ಏಳಲಿಲ್ಲ ಎಂದು ಫೋನ್ ಬಂತು. ಕಾಗದಪತ್ರ ಎಲ್ಲ ಮುಗಿದು ಪೆಟ್ಟಿಗೆ ಊರಿಗೆ ಬರುವಾಗ ಹನ್ನೊಂದು ದಿನ. ಆ ಹನ್ನೊಂದು ದಿನ ಮನೆಗೆ ಬಂದ ಜನ ಎಷ್ಟು, ಹೇಳಿದ ಮಾತು ಎಷ್ಟು! 'ದೇವರ ಇಚ್ಛೆ.' 'ಒಳ್ಳೆಯವರನ್ನು ದೇವರು ಬೇಗ ಕರೆಯುತ್ತಾನೆ.' 'ಅಳಬೇಡಿ, ಅವನ ಆತ್ಮಕ್ಕೆ ನೋವಾಗುತ್ತದೆ.'

ಹಾಗೆ ಹೇಳಿದವರಲ್ಲಿ ಈ ವರದಿಗಾರನೂ ಒಬ್ಬ. ಸುಳ್ಳು ಯಾಕೆ ಹೇಳಲಿ? 'ಧೈರ್ಯ ತಂದುಕೊಳ್ಳಿ ಬಾಯಮ್ಮ' ಎಂದು ಹೇಳಿ, ವಾಚು ನೋಡಿ, ಆಫೀಸಿಗೆ ಓಡಿದವನು ನಾನು.

'ಯಾವ ಅಂಗಡಿಯಲ್ಲಿ ಸಿಗ್ತದೆ ಮಗ, ಆ ಧೈರ್ಯ?' ಎಂದು ಮೊನ್ನೆ ಕೇಳಿದರು. ನಗುತ್ತಲೇ ಕೇಳಿದರು. ಆದರೂ ಚುಚ್ಚಿತು.

ಬೈಬಲ್ಲಿನಲ್ಲಿ ಏನುಂಟು?

ಪೂಜೆಗೆ ಹೋಗುವುದನ್ನು ಬಾಯಮ್ಮ ಐದಾರು ತಿಂಗಳು ಬಿಟ್ಟಿದ್ದರಂತೆ. ದೇವರ ಮೇಲೆ ಸಿಟ್ಟು. ಒಂದು ದಿನ ಪಾದ್ರಿಗಳೇ ಮನೆಗೆ ಬಂದರು. ಉಪದೇಶ ಮಾಡಲಿಲ್ಲ. ಜಗಲಿಯಲ್ಲಿ ಕೂತು, ಬೈಬಲ್ ತೆಗೆದು 88ನೇ ಕೀರ್ತನೆ ಓದಿದರು. ಅದರಲ್ಲಿ ಸಮಾಧಾನದ ಮಾತೇ ಇಲ್ಲ ಮಾರಾಯರೇ! ಕೂಗಿದರೂ ಯಾಕೆ ಮುಖ ಮರೆಸಿಕೊಂಡಿದ್ದೀ ಎಂದು ದೇವರನ್ನೇ ಕೇಳುವ ಹಾಡು ಅದು. ಕೊನೆಯಾಗುವುದೂ ಕತ್ತಲೆಯಲ್ಲಿಯೇ.

'ಇದು ನನ್ನ ಪ್ರಾರ್ಥನೆ ಅಂತ ಅನಿಸಿತು. ಸಿಟ್ಟು ಮಾಡಿಕೊಂಡರೂ ದೇವರು ಹೊರಗೆ ಹಾಕುವುದಿಲ್ಲ ಅಂತ ಆವತ್ತು ಗೊತ್ತಾಯ್ತು' ಅಂದರು ಬಾಯಮ್ಮ.

ಯೋಬನ ಕತೆ ಹೇಳಿಕೊಟ್ಟದ್ದೂ ಅದೇ ಪಾದ್ರಿಗಳಂತೆ. ಹತ್ತು ಮಕ್ಕಳನ್ನೂ ಆಸ್ತಿಯನ್ನೂ ಕಳೆದುಕೊಂಡ ಯೋಬನ ಹತ್ತಿರ ಮೂವರು ಗೆಳೆಯರು ಬಂದರು. ಏಳು ಹಗಲು ಏಳು ರಾತ್ರಿ ಮಾತಿಲ್ಲದೆ ನೆಲದ ಮೇಲೆ ಕೂತರು. ಅಷ್ಟರವರೆಗೆ ಸರಿಯಿತ್ತು. ಆಮೇಲೆ ಬಾಯಿ ತೆರೆದು, ನಿನ್ನದೇ ಏನೋ ತಪ್ಪಿರಬೇಕು ಎಂದು ತರ್ಕ ಶುರು ಮಾಡಿದರು ನೋಡಿ, ಕೆಟ್ಟಿತು! ಕತೆಯ ಕೊನೆಗೆ ದೇವರು ಸಿಟ್ಟಾಗುವುದು ಜಗಳ ಮಾಡಿದ ಯೋಬನ ಮೇಲಲ್ಲ, ಬುದ್ಧಿ ಹೇಳಿದ ಈ ಗೆಳೆಯರ ಮೇಲೆ.

ಏಸು ಸ್ವಾಮಿಯ ಕತೆಯೂ ಹಾಗೆಯೇ. ಗೆಳೆಯ ಲಾಜರ ಸತ್ತು ನಾಲ್ಕು ದಿನವಾಗಿತ್ತು. ಇನ್ನೇನು ಅವನನ್ನು ಎಬ್ಬಿಸುವವರೇ ಏಸು. ಆದರೂ ಅವನ ಸಹೋದರಿ ಮರಿಯಳು ಅಳುವುದನ್ನು ಕಂಡು ತಾವೂ ಅತ್ತರು. 'ಎಬ್ಬಿಸ್ತೇನೆ, ಯಾಕೆ ಅಳುವುದು?' ಅನ್ನಲಿಲ್ಲ. ಮೊದಲು ಕಣ್ಣೀರು, ಆಮೇಲೆ ಕೆಲಸ. ಥೆಸಲೋನಿಕದವರಿಗೆ ಬರೆದ ಪತ್ರದಲ್ಲಿ ಪೌಲನೂ ದುಃಖವೇ ಬೇಡ ಅನ್ನುವುದಿಲ್ಲ. ಗತಿಯೇ ಇಲ್ಲದವರ ಹಾಗೆ ದುಃಖಪಡಬೇಡಿ ಅನ್ನುತ್ತಾನೆ, ಅಷ್ಟೆ. ಅಳು ಇರಲಿ, ಅದರ ಜೊತೆಗೆ ಒಂದು ಭರವಸೆಯೂ ಇರಲಿ ಎಂಬುದು ಅದರ ಸಾರ.

ಕಂಕನಾಡಿಯ ಸಾಕ್ಷಿ

ಭರವಸೆ ಅಂದರೆ ಬರೀ ಮಾತೇ ಎಂದು ಕೇಳುವವರು ಕಂಕನಾಡಿಯ ಬಸ್ಸು ಹತ್ತಬೇಕು. ಜರ್ಮನಿಯಲ್ಲಿ ಹುಟ್ಟಿದ ಜೆಸ್ವಿಟ್ ಪಾದ್ರಿ ಅಗಸ್ಟಸ್ ಮುಲ್ಲರ್ 1880ರಲ್ಲಿ ಇಲ್ಲಿ ಹೋಮಿಯೋಪಥಿ ಔಷಧ ಕೊಡಲು ಶುರು ಮಾಡಿದರು. ಕುಷ್ಠರೋಗಿಯ ನೆರಳೂ ಬೇಡ ಎಂದು ಜನ ದೂರ ಓಡುತ್ತಿದ್ದ ಆ ಕಾಲದಲ್ಲಿ, 1890ರಲ್ಲಿ, ಅವರಿಗೊಂದು ಆಶ್ರಯ ಕಟ್ಟಿದರು. ಪ್ಲೇಗ್ ಬಂದಾಗ 1902ರಲ್ಲಿ ಅದಕ್ಕೂ ಒಂದು ಆಸ್ಪತ್ರೆ ಮಾಡಿದರು. ಇಂದಿನ ಫಾದರ್ ಮುಲ್ಲರ್ ಆಸ್ಪತ್ರೆಯ ಬೇರು ಅಲ್ಲಿದೆ. ನರಳುವವನಿಗೆ ದೇವರಿದ್ದಾನೆ ಎಂದು ಹೇಳುವುದು ಸುಲಭ. ಅವನ ಹುಣ್ಣು ತೊಳೆಯಲು ಕೂತರೆ ಆ ಮಾತಿಗೆ ಬೆಲೆ ಬರುತ್ತದೆ.

ಮೂರು ದಿನದ ಗಂಜಿ

ಇನ್ನು ನನ್ನ ಸಾಲದ ವಿಷಯ. ನಾನು ಪಿಯುಸಿಯಲ್ಲಿದ್ದಾಗ ತಂದೆ ತೀರಿಕೊಂಡರು. ಓದು ಅಲ್ಲಿಗೇ ನಿಂತಿತು. ಸಾವಿನ ಮನೆಯಲ್ಲಿ ಒಲೆ ಉರಿಯುವುದಿಲ್ಲ, ನಿಮಗೆ ಗೊತ್ತುಂಟು. ಮೂರು ದಿನ ಎರಡು ಹೊತ್ತು ಗಂಜಿ, ಚಟ್ನಿ ತಂದಿಟ್ಟು, ನನ್ನ ತಾಯಿಯ ಪಕ್ಕ ಸುಮ್ಮನೆ ಕೂತು ಹೋದವರು ಯಾರು? ಇದೇ ಬಾಯಮ್ಮ! ಜಾತಿ ನೋಡಲಿಲ್ಲ, ಧರ್ಮ ನೋಡಲಿಲ್ಲ, 'ಅಳಬೇಡಿ' ಅನ್ನಲಿಲ್ಲ. ಅಂಥವರ ಮನೆಗೆ ನಾನು ಒಯ್ದದ್ದು ಒಂದು ಒಣ ಮಾತು.

ಅವರ ಮನೆಗೆ ಗಂಜಿ ಒಯ್ದವರು ಬೇರೆಯವರು. ಒಬ್ಬರು ಮೀನಿನ ಬುಟ್ಟಿ ಹೊರುವ ಹೆಂಗಸು, ಇನ್ನೊಬ್ಬರು ಎದುರಿನ ಟೈಲರ್ ಅಂಗಡಿಯ ಬ್ಯಾರಿಯ ಹೆಂಡತಿ. 'ದೇವರು ಎಲ್ಲಿದ್ದಾನೆ ಅಂತ ಕೇಳ್ತಾ ಇದ್ದೆ. ಈಗ ಯೋಚನೆ ಮಾಡಿದರೆ, ದಿನಾ ಬಾಗಿಲು ತಟ್ಟುತ್ತಿದ್ದವನು ಅವನೇ ಅಂತ ಕಾಣ್ತದೆ' ಎಂದರು ಬಾಯಮ್ಮ. ಮಗನನ್ನು ಮತ್ತೆ ನೋಡಿಯೇ ನೋಡುತ್ತೇನೆ ಎಂಬ ನಂಬಿಕೆ ಅವರಿಗೆ ಈಗ ಉಂಟು. ಹಾಗೆಂದು ಅಳು ನಿಂತಿಲ್ಲ. ಎರಡೂ ಒಟ್ಟಿಗೇ ಉಂಟು.

ಮೊನ್ನೆ ಏಳು ಗಂಟೆಗೆ ಅಂಗಡಿ ಮುಚ್ಚಿ, ಎರಡು ಬತ್ತಿ ಹಿಡಿದು ಹೊರಟರು. ಒಂದು ಮಗನಿಗೆ. ಇನ್ನೊಂದು ಯಾರೂ ಬಾರದ ಗೋರಿಗಂತೆ. ಈ ಸಲ ನಾನು ವಾಚು ನೋಡಲಿಲ್ಲ, ಜೊತೆಗೆ ಹೋದೆ. ಗಾಳಿಗೆ ಬತ್ತಿ ಎರಡು ಸಲ ಆರಿತು. ಪಕ್ಕದ ಗೋರಿಯವರು ತಮ್ಮ ಬತ್ತಿಯಿಂದ ಹಚ್ಚಿಕೊಟ್ಟರು.

ಓದುಗ ಮಹಾಶಯರೇ, ಸಾವು ಬಾರದ ಓಣಿ ಇಲ್ಲ. ನಾಳೆ ನಿಮ್ಮ ನೆರೆಮನೆಯಲ್ಲಿ ಆದರೆ ಭಾಷಣ ಒಯ್ಯಬೇಡಿ. ಒಂದು ಪಾತ್ರೆ ಗಂಜಿ ಒಯ್ಯಿರಿ. ಅರ್ಧ ಗಂಟೆ ಕೂತು ಬನ್ನಿ. ಅಂಗಡಿ ಅರ್ಧ ಗಂಟೆ ತಡವಾಗಿ ತೆರೆದರೆ ಏನೂ ಮುಳುಗುವುದಿಲ್ಲ.