ಲೆಕ್ಕದ ಮನೆಗೆ ಯಂತ್ರದ ಗುಮಾಸ್ತ

ರೋಬಾಟ್ ಎಂದೊಡನೆ ಕಬ್ಬಿಣದ ಕೈಕಾಲುಗಳುಳ್ಳ ಒಂದು ಬೊಂಬೆ ನಮ್ಮ ಕಣ್ಣಿಗೆ ಕಟ್ಟುತ್ತದೆ. ಈಚಿನ ವರ್ಷಗಳಲ್ಲಿ ವ್ಯಾಪಾರದ ಕಚೇರಿಗಳಲ್ಲಿ ಕೆಲಸಕ್ಕೆ ನಿಂತಿರುವ ರೋಬಾಟಿಗಾದರೋ ಕೈಯೂ ಇಲ್ಲ, ಕಾಲೂ ಇಲ್ಲ. ಅದು ಕಂಪ್ಯೂಟರಿನೊಳಗಿನ ಒಂದು ಆಜ್ಞಾವಳಿ, ಅಷ್ಟೆ. ಗುಮಾಸ್ತನು ಪರದೆ ನೋಡಿ, ಒಂದು ಕಡೆಯಿಂದ ಅಂಕಿ ತೆಗೆದು ಇನ್ನೊಂದು ಕಡೆ ತುಂಬುವ ಕೆಲಸವನ್ನು ಅದೇ ಕ್ರಮದಲ್ಲಿ ತಾನೂ ಮಾಡುತ್ತದೆ. ಇದಕ್ಕೆ ‘ರೋಬಾಟಿಕ್ ಪ್ರೋಸೆಸ್ ಆಟೊಮೇಷನ್’ ಎಂದು ಹೆಸರು. ರುಮೇನಿಯಾದಲ್ಲಿ 2005ರಲ್ಲಿ ಹುಟ್ಟಿದ ಯೂಐಪಾತ್ ಈ ಕ್ಷೇತ್ರದ ದೊಡ್ಡ ಸಂಸ್ಥೆ. ಬೆಂಗಳೂರಿನ ಇನ್ಫೋಸಿಸ್ಸಿನ ಅಂಗಸಂಸ್ಥೆ ಎಡ್ಜ್‌ವರ್ವ್ ಕೂಡ ಇಂಥದನ್ನು ತಯಾರಿಸುತ್ತದೆ.

ಇದು ಬ್ಯಾಂಕುಗಳಿಗೂ ವಿಮಾ ಕಂಪನಿಗಳಿಗೂ ಸರಿ. ಇಳಕಲ್ಲಿನ ಸೀರೆ ವರ್ತಕರಿಗೆ ಇದರಿಂದೇನು ಎಂದು ಕೇಳಬಹುದು. ಒಂದು ಅಂಗಡಿಯನ್ನು ಊಹಿಸಿಕೊಳ್ಳೋಣ. ನೂಲು, ಬಣ್ಣ, ರಟ್ಟಿನ ಪೆಟ್ಟಿಗೆ ಎಂದು ತಿಂಗಳಿಗೆ ಮುನ್ನೂರು ಖರೀದಿ ಬಿಲ್ಲುಗಳು ಬರುತ್ತವೆ. 2017ರ ಜುಲೈ 1ರಂದು ಜಿಎಸ್‌ಟಿ ಬಂದ ಮೇಲೆ, ಖರೀದಿಯಲ್ಲಿ ಕೊಟ್ಟ ತೆರಿಗೆಯನ್ನು ಮಾರಾಟದ ತೆರಿಗೆಯಲ್ಲಿ ಕಳೆದುಕೊಳ್ಳುವ ಸೌಕರ್ಯವುಂಟು. ಆದರೆ 2022ರ ಜನವರಿಯಿಂದೀಚೆಗೆ, ಮಾರಿದವನು ಆ ಬಿಲ್ಲನ್ನು ಸರಕಾರಕ್ಕೆ ತಿಳಿಸಿ, ಅದು ಕೊಂಡವನ ‘2ಬಿ’ ಪಟ್ಟಿಯಲ್ಲಿ ಕಾಣಿಸಿಕೊಂಡಿದ್ದರೆ ಮಾತ್ರ ಈ ವಜಾ ದೊರೆಯುತ್ತದೆ. ಪಟ್ಟಿ ಸಿದ್ಧವಾಗುವುದು ತಿಂಗಳ 14ಕ್ಕೆ. ಪ್ರತಿ ತಿಂಗಳೂ ಲೆಕ್ಕ ಒಪ್ಪಿಸುವ ವರ್ತಕನಿಗೆ ಗಡುವು 20. ನಡುವಿನ ಆರು ದಿನಗಳಲ್ಲಿ ಮುನ್ನೂರು ಬಿಲ್ಲುಗಳನ್ನು ಒಂದೊಂದಾಗಿ ತಾಳೆ ನೋಡಬೇಕು. ತಪ್ಪಿದ ಬಿಲ್ಲಿನ ತೆರಿಗೆಯನ್ನು ಆ ತಿಂಗಳು ಕೈಯಿಂದ ಕಟ್ಟಬೇಕು. ಯಂತ್ರದ ಗುಮಾಸ್ತನಿಗೆ ಹೇಳಿ ಮಾಡಿಸಿದಂತಹ ಕೆಲಸವಿದು.

ಆದರೂ ಹಾಗೆಯೇ ಒಪ್ಪಿಸಿದರೆ ಕೆಡುತ್ತದೆ. ನಮ್ಮ ಕಡೆ ದಿವಾಣಜಿ ಎಂದು ಕರೆಯುವ ಲೆಕ್ಕದ ಗುಮಾಸ್ತರು ಬಿಲ್ಲಿನ ನಂಬರನ್ನು ‘45’ ಎಂದು ಬರೆದಿರುತ್ತಾರೆ. ಸರಕಾರದ ಪಟ್ಟಿಯಲ್ಲಿ ಅದು ‘045’ ಆಗಿರುತ್ತದೆ. ಎರಡೂ ಒಂದೇ ಎಂಬುದು ಅವರಿಗೆ ನೋಡಿದೊಡನೆ ಗೊತ್ತು. ಯಂತ್ರಕ್ಕೆ ಹೇಳದ ಹೊರತು ಗೊತ್ತಿಲ್ಲ. ಇಂಥವರು ಬಿಲ್ಲಿಗೆ ಒಂದು ದಿನ ಹಿಂದಿನ ತಾರೀಖು ಹಾಕುತ್ತಾರೆ, ಇಂಥವರು ಪೈಸೆಗಳನ್ನು ಬಿಟ್ಟು ರೂಪಾಯಿಗೆ ಸರಿಮಾಡುತ್ತಾರೆ, ಇಂಥವರದು ಒಂದೇ ಹೆಸರಿನ ಎರಡು ಅಂಗಡಿ—ಇಪ್ಪತ್ತು ವರ್ಷ ಕುಳಿತ ದಿವಾಣಜಿಯ ತಲೆಯಲ್ಲಿ ಇಂತಹ ನೂರು ಸಂಗತಿಗಳಿರುತ್ತವೆ. ಯಾವ ಕಿರ್ದಿಯಲ್ಲಿಯೂ ಇವು ದಾಖಲಾಗಿಲ್ಲ. ಯಂತ್ರ ತರುವ ಮೊದಲು ಇವನ್ನೆಲ್ಲ ಕಾಗದದ ಮೇಲೆ ಇಳಿಸಬೇಕು. ಯಶಸ್ಸಿನ ಬಹುಭಾಗ ಇಲ್ಲಿಯೇ ಇದೆ ಎಂದು ನನ್ನ ಅಭಿಪ್ರಾಯ. ತನ್ನ ಕೆಲಸ ಹೋಗುತ್ತದೆಂದು ಹೆದರಿದ ಮನುಷ್ಯ ತನಗೆ ತಿಳಿದದ್ದನ್ನು ಹೇಳುವನೇ? ಆದುದರಿಂದ ಮಾಲೀಕರು ಮೊದಲ ದಿನವೇ ಅವರನ್ನು ಕರೆದು, ಯಂತ್ರವು ನಿಮ್ಮ ಕೈಕೆಳಗೆ ದುಡಿಯುತ್ತದೆಂದು ತಿಳಿಸಿ, ಹಾಗೆಯೇ ನಡೆದುಕೊಳ್ಳಬೇಕು.

ಕಂಪ್ಯೂಟರಿಗೆ ದಫ್ತರ ಒಪ್ಪಿಸಿದ ದೊಡ್ಡ ಅನುಭವ ನಮ್ಮ ರಾಜ್ಯಕ್ಕೇ ಉಂಟು. ‘ಭೂಮಿ’ ಯೋಜನೆಯಲ್ಲಿ, ಸುಮಾರು 2000ದಿಂದ 2002ರೊಳಗೆ, ಸುಮಾರು ಎರಡು ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದವು. ಬಾದಾಮಿ, ಹುನಗುಂದ ತಾಲ್ಲೂಕುಗಳೂ ಅದರಲ್ಲಿ ಸೇರಿದ್ದವು. ಅದು ಈ ಬಗೆಯ ರೋಬಾಟ್ ಅಲ್ಲ, ನಿಜ. ಆದರೆ ಅಲ್ಲಿ ಅನುಸರಿಸಿದ ಕ್ರಮ ಗಮನಾರ್ಹ. ತುಂಬಿದ್ದನ್ನು ಅಚ್ಚುಹಾಕಿ, ಪಹಣಿಯನ್ನು ಬಲ್ಲ ಗ್ರಾಮಲೆಕ್ಕಿಗರಿಂದಲೇ ತಾಳೆ ನೋಡಿಸಿದರು. ಆಮೇಲೆ ಕೈಬರಹದ ಪಹಣಿಗೆ ಮಾನ್ಯತೆಯಿಲ್ಲವೆಂದು ತಾಲ್ಲೂಕುವಾರು ಸಾರಿದರು. ಹಳೆಯದೂ ಹೊಸದೂ ಎರಡೂ ನಡೆಯುತ್ತಿದ್ದರೆ ಜನ ಹಳೆಯದಕ್ಕೇ ಮರಳುತ್ತಿದ್ದರು.

ಅಂಗಡಿಯಲ್ಲಿಯೂ ಒಂದೆರಡು ತಿಂಗಳು ದಿವಾಣಜಿಯೂ ಯಂತ್ರವೂ ಬೇರೆಬೇರೆಯಾಗಿ ತಾಳೆ ನೋಡಲಿ. ಯಂತ್ರವು ಬಿಲ್ಲುಗಳನ್ನು ಮೂರು ರಾಶಿ ಮಾಡಬೇಕು: ಕೂಡಿದವು, ಸ್ವಲ್ಪದರಲ್ಲಿ ತಪ್ಪಿದವು, ಸಿಕ್ಕದವು. ಕೊನೆಯ ಎರಡು ರಾಶಿಗಳ ತೀರ್ಮಾನ ಮನುಷ್ಯನದೇ. ಎರಡು ಲೆಕ್ಕಗಳೂ ಒಂದಾಗಿ ಬರತೊಡಗಿದ ಮೇಲೆ ಕೈತಾಳೆಯನ್ನು ನಿಲ್ಲಿಸಬಹುದು. ಅದನ್ನು ಮಾಡುವ ಬಗೆಯನ್ನು ಮಾತ್ರ ಮರೆಯಬಾರದು. ಪರದೆಯ ಮೇಲಿನ ಒಂದು ಗುಂಡಿ ಸ್ಥಳ ಬದಲಾಯಿಸಿದರೂ ಈ ರೋಬಾಟ್ ದಿಕ್ಕೆಡುತ್ತದೆ. ಅದು 19ರ ರಾತ್ರಿಯೇ ಆಗಬಾರದೆಂದೇನೂ ಇಲ್ಲ.

ಗುಪ್ತಪದವನ್ನೂ ಫೋನಿಗೆ ಬರುವ ಓಟಿಪಿಯನ್ನೂ ಯಂತ್ರಕ್ಕೆ ಕೊಡತಕ್ಕದ್ದಲ್ಲ. ಜಿಎಸ್‌ಟಿ ಜಾಲತಾಣದ ಬಾಗಿಲನ್ನು ಮನುಷ್ಯನೇ ತೆರೆದು, 2ಬಿ ಪಟ್ಟಿಯನ್ನು ಎಕ್ಸೆಲ್ ಕಡತವಾಗಿ ಇಳಿಸಿಕೊಟ್ಟರೆ ಸಾಕು. ಮುಂದಿನದು ಯಂತ್ರದ ಕೆಲಸ.

ಖರ್ಚಿಗೆ ಅಂಜಬೇಕಾಗಿಲ್ಲ. ವಿಂಡೋಸ್ ಇರುವ ಕಂಪ್ಯೂಟರಿಗೆ ಮೈಕ್ರೋಸಾಫ್ಟ್ ಸಂಸ್ಥೆ 2021ರಿಂದ ‘ಪವರ್ ಆಟೊಮೇಟ್ ಡೆಸ್ಕ್‌ಟಾಪ್’ ಎಂಬ ಸಾಧನವನ್ನು ಹೆಚ್ಚಿನ ಬೆಲೆಯಿಲ್ಲದೆ ಕೊಡುತ್ತಿದೆ. ಬಾಗಲಕೋಟೆಯ ವಿದ್ಯಾಗಿರಿಯಲ್ಲಿ 1963ರಲ್ಲಿ ಆರಂಭವಾದ ಬಸವೇಶ್ವರ ಎಂಜಿನಿಯರಿಂಗ್ ಕಾಲೇಜಿದೆ; ಅಲ್ಲಿ ಕಂಪ್ಯೂಟರ್ ವಿದ್ಯೆ ಕಲಿಯುವ ಹುಡುಗರೂ ಹುಡುಗಿಯರೂ ಇದ್ದಾರೆ. ಅಂಥವರೊಬ್ಬರು ಒಂದು ತಿಂಗಳು ದಿವಾಣಜಿಯ ಮಗ್ಗುಲಲ್ಲಿ ಕುಳಿತು ನೋಡಲಿ. ದೂರದೂರಿನಿಂದ ಸಿದ್ಧಪಡಿಸಿ ತಂದ ದುಬಾರಿ ಯಂತ್ರಕ್ಕಿಂತ ಇದು ಮೇಲು.

ಉಳಿದ ದಿನಗಳಲ್ಲಿ ದಿವಾಣಜಿ ಏನು ಮಾಡಬೇಕು? ಸಿಕ್ಕದ ಬಿಲ್ಲುಗಳ ರಾಶಿ ಮುಂದಿದೆಯಲ್ಲ! ಸೊಲ್ಲಾಪುರದ ನೂಲಿನ ವ್ಯಾಪಾರಿಗೆ ಫೋನು ಮಾಡಿ, ಸ್ನೇಹ ಕೆಡದಂತೆ ಜಗಳವಾಡಿ, ‘ನಮ್ಮ ಬಿಲ್ಲು ಇನ್ನೂ ಏರಿಸಿಲ್ಲವಲ್ರೀ ಸಾವಕಾರ್ರ’ ಎಂದು ಹೇಳಿ ಏರಿಸುವ ತನಕ ಬಿಡದಿರುವುದು ಅವರಿಂದಲೇ ಆಗಬೇಕು.