ಎರಡಕ್ಷರದ ಅಂತರ

ಬೇಸಗೆಯ ದಿನಗಳಲ್ಲಿ ನಮ್ಮ ಬೆಂಗಳೂರಿನಲ್ಲಿ ಸಂಜೆ ಆರೂವರೆಯಾದಾಗ ಅಮೆರಿಕದ ಪೂರ್ವತೀರದಲ್ಲಿ ಬೆಳಗಿನ ಒಂಬತ್ತು ಗಂಟೆ. ಅಲ್ಲಿಯ ಜನ ನವೆಂಬರಿನ ಮೊದಲ ಭಾನುವಾರ ಗಡಿಯಾರದ ಮುಳ್ಳನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿದೊಡನೆ ಇಲ್ಲಿಯ ಸಾವಿರಾರು ಯುವಕ ಯುವತಿಯರ ಊಟ ನಿದ್ರೆಗಳೂ, ಅವರನ್ನು ಕರೆದೊಯ್ಯುವ ಕ್ಯಾಬಿನ ವೇಳೆಯೂ ಒಂದು ಗಂಟೆ ಮುಂದಕ್ಕೆ ಸರಿಯುತ್ತವೆ. ಅಲ್ಲಿಯ ವೈದ್ಯರು ನೀಡಿದ ಚಿಕಿತ್ಸೆಯ ಲೆಕ್ಕವನ್ನು ವಿಮಾ ಸಂಸ್ಥೆಗಳಿಗೆ ಒಪ್ಪಿಸಿ, ತಿರಸ್ಕೃತವಾದುದಕ್ಕೆ ಕಾರಣ ವಿಚಾರಿಸಿ, ಸಲ್ಲಬೇಕಾದ ಹಣವನ್ನು ಸಲ್ಲುವಂತೆ ಮಾಡುವ ಮೆಡಿಕಲ್ ಬಿಲ್ಲಿಂಗ್ ಎಂಬ ಈ ವೃತ್ತಿಯಲ್ಲಿ ಅನೇಕ ವರ್ಷ ದುಡಿದು, ಈಗ ಹೊಸಬರಿಗೆ ಪಾಠ ಹೇಳುತ್ತಿರುವ ನನಗೆ ಪ್ರತಿ ತಂಡದಲ್ಲಿಯೂ ಎದುರಾಗುವ ಪ್ರಶ್ನೆ ಒಂದೇ: ಮೂರು ತಿಂಗಳು ಕಳೆಯುವಷ್ಟರಲ್ಲಿ ಬತ್ತಿಹೋಗುವ ಉತ್ಸಾಹವನ್ನು ಉಳಿಸಿಕೊಳ್ಳುವ ಬಗೆ ಯಾವುದು?

ರಾತ್ರಿಯ ಜಾಗರಣೆಯೇ ಈ ಬೇಸರಕ್ಕೆ ಮೂಲವೆಂದು ಹೇಳುವುದುಂಟು. ಜಾಗರಣೆಯ ಕಷ್ಟ ನಿಜವಾದುದೇ. ಆದರೆ ನಡುರಾತ್ರಿ ಕಬ್ಬಿನ ಗದ್ದೆಗೆ ನೀರು ಹಾಯಿಸುವ ರೈತನೂ, ರಾತ್ರಿಪಾಳಿಯ ದಾದಿಯೂ ಎಚ್ಚರವಾಗಿಯೇ ಇರುತ್ತಾರೆ, ಮತ್ತು ಅವರಿಗೆ ತಮ್ಮ ಕೆಲಸದ ಆದಿಯೂ ಅಂತ್ಯವೂ ಕಣ್ಣೆದುರಿಗೇ ಇರುತ್ತವೆ. ನಮ್ಮ ಹುಡುಗರಿಗೆ ದೊರೆಯುವುದಾದರೋ ಕಥೆಯ ನಡುವಿನ ಒಂದು ಹಾಳೆ ಮಾತ್ರ. ರೋಗಿ ಆಸ್ಪತ್ರೆಗೆ ಬಂದುದನ್ನು ಅವರು ಕಂಡವರಲ್ಲ. ಹಣ ಸಂದ ಮೇಲೆ ಆ ಖಾತೆ ಅವರ ಕಣ್ಣಿನಿಂದ ಮರೆಯಾಗುತ್ತದೆ. ಫೋನಿನ ಆಚೆಯ ಸಂಗೀತವನ್ನು ಅರ್ಧ ಗಂಟೆ ಕೇಳುತ್ತ ಕಾದು, ಕ್ಲೈಮ್ ಏನಾಯಿತೆಂಬ ಅದೇ ಪ್ರಶ್ನೆಯನ್ನು ಕೇಳಿ, ಬಂದ ಉತ್ತರವನ್ನು ಬರೆದಿಟ್ಟು, ಮುಂದಿನದಕ್ಕೆ ಹೋಗುವುದಷ್ಟೇ ಅವರ ಪಾಲಿಗೆ ಉಳಿದಿರುವುದು. ಹೀಗೆ ಎರಡು ಕಡೆಯಲ್ಲಿಯೂ ಕಡಿದು ತಂದ ಕೆಲಸದಲ್ಲಿ ಮನಸ್ಸು ನಿಲ್ಲದಿದ್ದರೆ ಅದನ್ನು ಆಲಸ್ಯವೆಂದು ಕರೆಯುವುದು ಅನ್ಯಾಯ.

ಆದಕಾರಣ ನಾನು ಪಾಠವನ್ನು ರೋಗಗಳ ಪಟ್ಟಿಯಿಂದಲೇ ಆರಂಭಿಸುತ್ತೇನೆ. 1893ರಲ್ಲಿ ಷಿಕಾಗೋ ನಗರದಲ್ಲಿ ಫ್ರಾನ್ಸಿನ ಜಾಕ್ ಬರ್ತಿಯೋಂ ಎಂಬ ಅಂಕಿಅಂಶಗಳ ಪಂಡಿತರು ಮರಣಕಾರಣಗಳ ವರ್ಗೀಕರಣವೊಂದನ್ನು ವಿದ್ವಾಂಸರ ಮುಂದಿಟ್ಟರು. 1948ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದರ ಆರನೆಯ ಪರಿಷ್ಕರಣವನ್ನು ಕೈಗೊಂಡಾಗ ಮೃತ್ಯುವಿನ ಆ ಪಟ್ಟಿಯೊಳಕ್ಕೆ ಬದುಕಿರುವವರ ಕಾಯಿಲೆಗಳೂ ಪ್ರವೇಶಿಸಿದವು. ಹತ್ತನೆಯ ಪರಿಷ್ಕರಣವನ್ನು ಆಧರಿಸಿದ ಕೋಶವು 2015ರ ಅಕ್ಟೋಬರ್ 1ರಂದು ಅಮೆರಿಕದ ಬಿಲ್ಲಿಂಗಿನಲ್ಲಿ ಜಾರಿಗೆ ಬಂದಾಗ, ಹಿಂದೆ ಸುಮಾರು 14 ಸಾವಿರವಿದ್ದ ಸಂಕೇತಗಳು 70 ಸಾವಿರದ ಸಮೀಪಕ್ಕೆ ಬೆಳೆದವು. ಬಲಮಂಡಿಯ ಸವೆತಕ್ಕೆ ಎಂ 17.11, ಎಡಮಂಡಿಯದಕ್ಕೆ ಎಂ 17.12. ಶಸ್ತ್ರಚಿಕಿತ್ಸೆ ನಡೆದುದು ಎಡಮಂಡಿಗಾಗಿ, ಕೊನೆಯ ಅಂಕೆ ಒಂದಾಗಿಬಿಟ್ಟರೆ, ರೋಗಕ್ಕೂ ಚಿಕಿತ್ಸೆಗೂ ಹೊಂದಿಕೆಯಿಲ್ಲವೆಂಬ 11ನೆಯ ಕಾರಣವನ್ನು ಹೊತ್ತು ಕ್ಲೈಮ್ ತಿರಸ್ಕೃತವಾಗಬಹುದು. ಕಳೆದ ಮಳೆಗಾಲದಲ್ಲಿ ಕೋಲಾರದ ಕಡೆಯಿಂದ ಬಂದ ಹುಡುಗಿಯೊಬ್ಬಳಿಗೆ ಇಂಥದೇ ಒಂದು ಕ್ಲೈಮ್ ಬಂದಿತು. ಶಸ್ತ್ರಚಿಕಿತ್ಸೆಯ ವರದಿಯನ್ನು ತೆರೆದು ಮೊದಲಿಂದ ಕಡೆಯವರೆಗೆ ಓದಲು ಹೇಳಿದೆ. ಮೆಟ್ಟಿಲು ಹತ್ತಲಾರದೆ ಹೋದ ವೃದ್ಧರೊಬ್ಬರ ಯಾತನೆ ಆ ಶುಷ್ಕವಾದ ವೈದ್ಯಭಾಷೆಯಲ್ಲಿಯೂ ಕಾಣುತ್ತಿತ್ತು. ಓದಿ ಮುಗಿಸಿದ ಆಕೆ, “ನಮ್ಮಜ್ಜಿಗೂ ಹಿಂಗೇ ಆಗಿತ್ತು ಸಾರ್,” ಎಂದಳು. ಕೋಡಿಂಗ್ ವಿಭಾಗದವರಿಗೆ ತೋರಿಸಿ ತಿದ್ದಿಸಿದ ಕ್ಲೈಮ್ ಆ ವಾರವೇ ಮತ್ತೆ ಹೊರಟಿತು.

ನಾನು ಎಲ್ಲಕ್ಕಿಂತ ದೀರ್ಘವಾಗಿ ಹೇಳಿಕೊಡುವುದು ಎರಡಕ್ಷರಗಳ ಅಂತರವನ್ನು. ವಿಮಾ ಸಂಸ್ಥೆ ಹಣವನ್ನು ಕಡಿತಗೊಳಿಸಿದಾಗ ಕಾರಣದ ಸಂಖ್ಯೆಗೆ ಮುಂಚೆ ಸಿ.ಓ. ಎಂದಿದ್ದರೆ ಆ ಮೊತ್ತವನ್ನು ಒಪ್ಪಂದದ ಪ್ರಕಾರ ರೋಗಿಯಿಂದ ಕೇಳುವಂತಿಲ್ಲ, ಪಿ.ಆರ್. ಎಂದಿದ್ದರೆ ಹೊಣೆ ರೋಗಿಯದು, ಬಿಲ್ಲು ಅವರ ಮನೆಗೆ ಹೋಗುತ್ತದೆ. ಹೊಸಬನಾಗಿದ್ದಾಗ ನಾನೊಂದು ರಾತ್ರಿ, ದಿನದ ಟಾರ್ಗೆಟ್ಟಿಗೆ ಇನ್ನೂ ಹತ್ತು ಖಾತೆಗಳು ಬಾಕಿಯಿದ್ದ ಅವಸರದಲ್ಲಿ, ಪಿ.ಆರ್. 22 ಎಂಬುದನ್ನು ಕಂಡೊಡನೆ ಹಿಂದುಮುಂದು ವಿಚಾರಿಸದೆ ಮೊತ್ತವನ್ನು ರೋಗಿಯ ಹೆಸರಿಗೆ ವರ್ಗಾಯಿಸಿದೆ. ಬೇರೊಂದು ವಿಮೆ ಮೊದಲು ಹಣ ಕೊಡಬೇಕಾಗಬಹುದೆಂಬುದು ಆ 22ರ ಅರ್ಥ. ಕೆಲವು ವಾರಗಳ ಅನಂತರ ಅದೇ ಖಾತೆ ಮತ್ತೆ ನನ್ನ ಕೈಗೆ ಬಂದಾಗ ಅದರಲ್ಲಿ ಒಂದು ಟಿಪ್ಪಣಿಯಿತ್ತು: ಆ ಬೇರೊಂದು ವಿಮೆ ರೋಗಿಯ ಗಂಡನ ನೌಕರಿಯಿಂದ ಬಂದುದು, ಗಂಡ ತೀರಿಕೊಂಡು, ವಿಮೆಯೂ ಮುಗಿದಿದೆ, ಬಿಲ್ಲು ಕಂಡು ಆಕೆ ಫೋನಿನಲ್ಲಿ ಅತ್ತರು. ನಾನು ವಿಮಾ ಸಂಸ್ಥೆಗೆ ಕರೆ ಮಾಡಿ, ಆಕೆಯನ್ನೂ ಅದೇ ಕರೆಯಲ್ಲಿ ಸೇರಿಸಿಕೊಂಡು, ದಾಖಲೆ ಸರಿಪಡಿಸಿ ಕ್ಲೈಮನ್ನು ಪುನಃ ಪರಿಶೀಲಿಸುವಂತೆ ಮಾಡಲು ತಗುಲಿದುದು ಐವತ್ತು ನಿಮಿಷ. ಮೊದಲ ರಾತ್ರಿಯೇ ನಾನು ಆ ಐವತ್ತು ನಿಮಿಷಗಳನ್ನು ಕೊಡಬಹುದಿತ್ತು. ಅಂದಿನಿಂದ ನನಗೆ ಈ ಕೆಲಸ ನೀರಸವೆನ್ನಿಸಿದ್ದಿಲ್ಲ.

ಎಷ್ಟು ಕರೆ ಮಾಡಿದೆ ಎಂದು ಮಾತ್ರ ಎಣಿಸಿ, ಯಾವುದು ಬಗೆಹರಿಯಿತೆಂದು ಹೇಳದ ಮೇಲಧಿಕಾರಿಗಳು ತಮ್ಮವರ ಉತ್ಸಾಹವನ್ನು ತಾವೇ ಆರಿಸುತ್ತಾರೆ. ಇನ್ಸೆಂಟಿವ್ ಬೇಡವೆನ್ನುವವನು ನಾನಲ್ಲ, ಮನೆ ಬಾಡಿಗೆ ಕಟ್ಟಬೇಕಾದವರಿಗೆ ಅದು ಆವಶ್ಯಕ. ಆದರೆ ಅದರ ಬಿಸಿ ಸಂಬಳದ ವಾರ ದಾಟುವುದಿಲ್ಲ. ವಾರಕ್ಕೊಂದು ಖಾತೆಯನ್ನಾದರೂ ಪ್ರತಿಯೊಬ್ಬರೂ ಆದ್ಯಂತವಾಗಿ ಬೆನ್ನುಹತ್ತಲಿ ಎಂಬುದು ನಮ್ಮ ತಂಡದ ನಿಯಮ. ಕ್ಲೈಮಿನ ಸ್ಥಿತಿಯನ್ನು ಈಗ ಯಂತ್ರಗಳೇ ವಿಚಾರಿಸಿ ತಿಳಿಸಬಲ್ಲವು. ಮನುಷ್ಯರಿಗೆ ಉಳಿಯುವುದು ವಾದಿಸುವ ಕೆಲಸ. 1965ರಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ಅಂಕಿತ ಹಾಕಿದ ಮೆಡಿಕೇರ್ ಯೋಜನೆಯಲ್ಲಿ ಮೇಲ್ಮನವಿಗೆ ಐದು ಹಂತಗಳಿವೆ, ಮೊದಲನೆಯದಕ್ಕೆ 120 ದಿನಗಳ ಅವಧಿಯಿದೆ. ವೈದ್ಯರ ಬರಹವನ್ನು ಓದಿ, ಈ ಚಿಕಿತ್ಸೆ ಏತಕ್ಕೆ ಅಗತ್ಯವಾಗಿತ್ತೆಂದು ಒಂದು ಪುಟದಲ್ಲಿ ನಿರೂಪಿಸಬಲ್ಲವನಿಗೆ ಇಲ್ಲಿ ನಿಜವಾದ ಪಾಂಡಿತ್ಯದ ಅವಕಾಶವಿದೆ.

ರೋಗಿಯ ಗುರುತನ್ನು ಹೊರಗೆ ಆಡಬಾರದೆಂಬುದು ಅಮೆರಿಕದ 1996ರ ಕಾಯಿದೆಯ ಬೆನ್ನಿಗೆ ಬಂದ ಕಟ್ಟುಪಾಡು. ನಮ್ಮವರು ಅದನ್ನು ನಿಷ್ಠೆಯಿಂದ ಪಾಲಿಸುತ್ತಾರೆ. ಮೊನ್ನೆ ಬೆಳಗಿನ ಜಾವ ನಾಲ್ಕರ ಹೊತ್ತಿಗೆ, ಹೂವಿನ ಮೂಟೆಗಳನ್ನು ಇಳಿಸುತ್ತಿದ್ದ ಮಾರುಕಟ್ಟೆಯ ಪಕ್ಕದಲ್ಲಿ ಕ್ಯಾಬು ಸಾಗುತ್ತಿದ್ದಾಗ, ನಿದ್ದೆ ಹೋಗಿದ್ದಾಳೆಂದು ನಾನೆಣಿಸಿದ್ದ ಕೋಲಾರದ ಹುಡುಗಿ ಹಿಂದಿನ ಸೀಟಿನಿಂದ ಮೆಲ್ಲನೆ, “ಎಡಮಂಡಿ ಪೇ ಆಯ್ತು ಸಾರ್,” ಎಂದಳು.