ಬಿಟ್ಟುಕೊಡುವ ಕೈಯ ಕೆಲಸ

ಸ್ನಾಯುವಿಗೆ ಗೊತ್ತಿರುವುದು ಒಂದೇ ಕೆಲಸ: ಎಳೆಯುವುದು. ತಳ್ಳಲು ಅದಕ್ಕೆ ಬರುವುದಿಲ್ಲ. ಕೀಲಿನ ಆಚೆಗಿನ ಎಲುಬಿಗೆ ಅಂಟಿಕೊಂಡು ಅದನ್ನು ತನ್ನ ಕಡೆಗೆ ಜಗ್ಗುತ್ತದೆ, ಅಷ್ಟೆ. ಕುಗ್ಗಿದ ಮೇಲೆ ತಾನಾಗಿ ಮೊದಲಿನ ಉದ್ದಕ್ಕೆ ಬರಲಾರದು. ಹಿಗ್ಗಿಸಲು ಎದುರು ಬದಿಯಲ್ಲಿ ಇನ್ನೊಂದು ಸ್ನಾಯು ಬೇಕು. ಹಾಗಾಗಿಯೇ ಜೋಡಿ. ರಟ್ಟೆಯ ಮುಂದಿನ ಬೈಸೆಪ್ಸ್ ಮೊಣಕೈ ಮಡಚುತ್ತದೆ, ಹಿಂದಿನ ಟ್ರೈಸೆಪ್ಸ್ ಚಾಚುತ್ತದೆ. ತೊಡೆಯ ಮುಂದಿನ ನಾಲ್ಕು ಸ್ನಾಯುಗಳ ಗುಂಪಾದ ಕ್ವಾಡ್ರಿಸೆಪ್ಸ್ ಮಂಡಿಯನ್ನು ಚಾಚುತ್ತದೆ, ಹಿಂದಿನ ಮೂರರ ಗುಂಪಾದ ಹ್ಯಾಮ್‌ಸ್ಟ್ರಿಂಗ್ ಮಡಚುತ್ತದೆ. ಗೋಡೆ ತಳ್ಳುವಾಗಲೂ ಒಳಗೆ ನಡೆಯುವುದು ಎಳೆತವೇ. ಟ್ರೈಸೆಪ್ಸ್ ಮೊಣಕೈಯ ಹಿಂದಿನ ಮೂಳೆಯ ತುದಿಯನ್ನು ಮೇಲಕ್ಕೆ ಜಗ್ಗುತ್ತದೆ, ಮುಂಗೈ ಮುಂದಕ್ಕೆ ಹೋಗುತ್ತದೆ.

ಇಲ್ಲಿಯವರೆಗೆ ಯಾರೂ ಎಡವುವುದಿಲ್ಲ. ಎಡವುವುದು ಮುಂದಿನ ಪ್ರಶ್ನೆಯಲ್ಲಿ. ನೀರು ತುಂಬಿದ ಚೊಂಬನ್ನು ಭುಜದ ಹತ್ತಿರದಿಂದ ಮೇಜಿನ ಮೇಲಕ್ಕೆ ಮೆಲ್ಲಗೆ ಇಳಿಸುತ್ತೀರಿ. ಮೊಣಕೈ ಚಾಚಿಕೊಳ್ಳುತ್ತಿದೆ. ಕೆಲಸ ಮಾಡುತ್ತಿರುವುದು ಯಾವುದು? ಕೇಳಿದಾಗಲೆಲ್ಲ ಬರುವ ಉತ್ತರ ಟ್ರೈಸೆಪ್ಸ್. ಈಗಲೇ ಇನ್ನೊಂದು ಕೈಯಿಂದ ರಟ್ಟೆ ಮುಟ್ಟಿ ನೋಡಿ. ಹಿಂಭಾಗ ಮೆತ್ತಗಿದೆ, ಮುಂಭಾಗ ಕಲ್ಲಿನಂತಿದೆ. ಚೊಂಬನ್ನು ಕೆಳಗೆ ಎಳೆಯುತ್ತಿರುವುದು ಭೂಮಿ; ಅದು ಧಡ್ಡನೆ ಬೀಳದಂತೆ ತಡೆಯುತ್ತಿರುವುದು ಬೈಸೆಪ್ಸ್. ಎಳೆಯುತ್ತಲೇ ಅದು ಉದ್ದವಾಗುತ್ತಿದೆ!

ಮಜ್ಜಿಗೆ ಕಡೆಯುವವರ ಕೈಗಳನ್ನು ನೆನಪಿಸಿಕೊಳ್ಳಿ. ಕಡಗೋಲಿಗೆ ಸುತ್ತಿದ ಹಗ್ಗವನ್ನು ಒಂದು ಕೈ ಎಳೆದರೆ ಇನ್ನೊಂದು ಬಿಟ್ಟುಕೊಡುತ್ತದೆ. ಆದರೆ ಹಗ್ಗವನ್ನೇ ಕೈಬಿಡುವುದಿಲ್ಲ, ಬಿಗಿ ಉಳಿಸಿಕೊಂಡು ಬೇಕಾದಷ್ಟೇ ಸಡಿಲಿಸುತ್ತದೆ. ಎರಡೂ ಕೈ ಒಟ್ಟಿಗೆ ಎಳೆದರೆ ಕಡಗೋಲು ಅಲ್ಲಾಡದು. ಒಂದು ಪೂರ್ತಿ ಬಿಟ್ಟರೆ ಹಗ್ಗವೇ ಕಳಚಿಕೊಳ್ಳುತ್ತದೆ. ಜೋಡಿ ಸ್ನಾಯುಗಳ ಕಥೆಯಲ್ಲಿ ನನಗೆ ಹೆಚ್ಚು ಪ್ರಿಯವಾದದ್ದು ಈ ಬಿಟ್ಟುಕೊಡುವ ಕೈ. ಪಾಠಗಳಲ್ಲಿ ಅದಕ್ಕೆ ಸಿಗುವುದು 'ಸಡಿಲಗೊಳ್ಳುತ್ತದೆ' ಎಂಬ ಒಂದು ಪದ ಮಾತ್ರ.

ಯಾವಾಗ, ಎಷ್ಟು ಬಿಡಬೇಕೆಂದು ಹೇಳುವವರು ಯಾರು? ಮೊದಲ ಏರ್ಪಾಡು ಬೆನ್ನುಹುರಿಯಲ್ಲೇ ಇದೆ. ವೈದ್ಯರು ಮಂಡಿಚಿಪ್ಪಿನ ಕೆಳಗೆ ಪುಟ್ಟ ಸುತ್ತಿಗೆಯಿಂದ ತಟ್ಟಿದಾಗ ಕಾಲು ಚಿಮ್ಮುತ್ತದಲ್ಲ? ಆ ತಟ್ಟಿನ ಸುದ್ದಿ ಬೆನ್ನುಹುರಿ ಮುಟ್ಟಿ ಅಲ್ಲಿ ಕವಲೊಡೆಯುತ್ತದೆ. ಒಂದು ಕವಲು ಕ್ವಾಡ್ರಿಸೆಪ್ಸ್‌ಗೆ 'ಎಳೆ' ಎನ್ನುತ್ತದೆ, ಇನ್ನೊಂದು ನಡುವಿನ ಒಂದು ನರಕೋಶದ ಮೂಲಕ ಹ್ಯಾಮ್‌ಸ್ಟ್ರಿಂಗ್‌ನ ನರವನ್ನು ಸುಮ್ಮನಾಗಿಸುತ್ತದೆ. ಮಿದುಳಿನ ಅಪ್ಪಣೆಗೆ ಕಾಯುವ ಮಾತೇ ಇಲ್ಲ. ಈ ಕೊಡು-ಕೊಳ್ಳುವಿಕೆಯನ್ನು ವರ್ಷಗಟ್ಟಲೆ ಬಿಡಿಸಿ ನೋಡಿದವರು ಇಂಗ್ಲೆಂಡಿನ ಚಾರ್ಲ್ಸ್ ಶೆರಿಂಗ್ಟನ್. ನರಕೋಶಗಳ ಕೆಲಸದ ಬಗೆಗಿನ ಸಂಶೋಧನೆಗಾಗಿ 1932ರ ನೊಬೆಲ್ ಪ್ರಶಸ್ತಿಯನ್ನು ಎಡ್ಗರ್ ಏಡ್ರಿಯನ್ ಜೊತೆ ಹಂಚಿಕೊಂಡರು.

ಆದರೆ ಹೀಗೆ ಸುಮ್ಮನಾಗುವುದು ಎಲ್ಲ ಗಳಿಗೆಯಲ್ಲೂ ನಡೆಯದು. ಈಗ ಓಟದ ಅಂಕಣಕ್ಕೆ ಬರೋಣ. ಪೂರ್ಣ ವೇಗದಲ್ಲಿರುವ ಓಟಗಾರನ ಒಂದು ಕಾಲು ಗಾಳಿಯಲ್ಲಿ ಮುಂದಕ್ಕೆ ಬೀಸುತ್ತಿದೆ, ಮಂಡಿ ರಭಸದಿಂದ ಚಾಚಿಕೊಳ್ಳುತ್ತಿದೆ. ಯಾರೂ ತಡೆಯದಿದ್ದರೆ ಮಂಡಿಯ ಕೆಳಗಿನ ಕಾಲು ಒದೆತದಂತೆ ಮುಂದೆ ಹಾರಿಬಿಡುತ್ತದೆ. ಪಾದ ನೆಲ ಮುಟ್ಟುವ ಮೊದಲು ಅದನ್ನು ಹಿಡಿದು ನಿಲ್ಲಿಸಿ, ಹಿಂದಕ್ಕೆ ತಿರುಗಿಸಬೇಕು. ಈ ಹೊಣೆ ಹ್ಯಾಮ್‌ಸ್ಟ್ರಿಂಗ್‌ನದು. ಅದರ ಬಹುಭಾಗ ಸೊಂಟ, ಮಂಡಿ ಎರಡೂ ಕೀಲುಗಳನ್ನು ದಾಟಿ ಹೋಗುತ್ತದೆ. ಸೊಂಟ ಮಡಚಿ ಮಂಡಿ ಚಾಚಿದ ಆ ಗಳಿಗೆಯಲ್ಲಿ ಎರಡೂ ತುದಿಗಳಿಂದ ಹಿಗ್ಗಿರುತ್ತದೆ. ಅತಿ ಉದ್ದವಾಗಿರುವಾಗಲೇ ಅತಿ ಜೋರಾಗಿ ಎಳೆಯಬೇಕು. ವೇಗದ ಓಟದಲ್ಲಿ ಅದು ಹರಿಯುವುದು ಹೆಚ್ಚಾಗಿ ಇಂಥ ಗಳಿಗೆಯಲ್ಲೇ ಎಂಬುದು ಕ್ರೀಡಾವೈದ್ಯರಲ್ಲಿ ಬಹುಮಂದಿಯ ಅಭಿಪ್ರಾಯ.

2017ರ ಆಗಸ್ಟ್‌ನಲ್ಲಿ ಲಂಡನ್ನಿನ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಉಸೇನ್ ಬೋಲ್ಟ್ ತಮ್ಮ ಕೊನೆಯ ಓಟ ಓಡಿದರು. 4x100 ಮೀಟರ್ ರಿಲೇಯ ಕಡೆಯ ಸರದಿಯಲ್ಲಿ ಬ್ಯಾಟನ್ ಹಿಡಿದು ಹೊರಟವರು ಅರ್ಧದಾರಿಯಲ್ಲಿ ಕುಂಟಿ ಅಂಕಣದ ಮೇಲೆ ಬಿದ್ದರು. ಕೈಕೊಟ್ಟದ್ದು ಎಡಗಾಲಿನ ಹ್ಯಾಮ್‌ಸ್ಟ್ರಿಂಗ್. 100 ಮೀಟರನ್ನು 9.58 ಸೆಕೆಂಡಿನಲ್ಲಿ ಮುಗಿಸಿದ್ದ ಕಾಲಿಗೂ ಬಿಟ್ಟುಕೊಡುವ ಕೈ ಸೋತರೆ ಓಟವಿಲ್ಲ.

ನಮ್ಮ ಮೈದಾನಗಳಲ್ಲಿ ಬೈಠಕ್, ಮೆಟ್ಟಿಲು ಹತ್ತಿಸುವುದು, ಕುಪ್ಪಳಿಸುವುದು ಧಾರಾಳ. ಇವು ತೊಡೆಯ ಮುಂಭಾಗಕ್ಕೆ ಸಾಕಷ್ಟು ಕೆಲಸ ಕೊಡುತ್ತವೆ. ಹಿಂಭಾಗಕ್ಕೆ ಹಿಗ್ಗುತ್ತಲೇ ತಡೆಯುವ ಅಭ್ಯಾಸ ಬೇರೆಯೇ ಬೇಕು. 'ನಾರ್ಡಿಕ್' ಎಂಬ ವ್ಯಾಯಾಮ ಅದಕ್ಕೆಂದೇ ಇದೆ. ಯಂತ್ರ ಬೇಡ, ಜಿಮ್ ಬೇಡ. ಮಂಡಿಯೂರಿ ನಿಲ್ಲಿ, ಜೊತೆಗಾರ ಹಿಂದಿನಿಂದ ಕಣಕಾಲುಗಳನ್ನು ಅದುಮಿ ಹಿಡಿಯಲಿ. ಮಂಡಿಯಿಂದ ತಲೆಯವರೆಗೆ ಮೈ ನೆಟ್ಟಗಿಟ್ಟು, ಸಾಧ್ಯವಾದಷ್ಟು ನಿಧಾನವಾಗಿ ಮುಂದಕ್ಕೆ ವಾಲಿ. ತಡೆಯಲಾಗದಾಗ ಅಂಗೈ ಊರಿ. ಫುಟ್‌ಬಾಲ್ ಆಟಗಾರರ ಮೇಲೆ ನಡೆದ ಹಲವು ಅಧ್ಯಯನಗಳಲ್ಲಿ, ಇದನ್ನು ತಪ್ಪದೆ ಮಾಡಿದ ತಂಡಗಳಲ್ಲಿ ಹ್ಯಾಮ್‌ಸ್ಟ್ರಿಂಗ್ ಗಾಯಗಳು ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿವೆ.

ದೈಹಿಕ ಶಿಕ್ಷಕರಲ್ಲಿ, ಊರಿನ ಕಬಡ್ಡಿ-ಖೋಖೋ ತಂಡಗಳನ್ನು ಪಳಗಿಸುವವರಲ್ಲಿ ನನ್ನದೊಂದು ಕೋರಿಕೆ. ಈ ವಾರವೇ ಇದನ್ನು ಶುರುಮಾಡಿ. ಮೊದಲ ವಾರ ಒಂದೇ ದಿನ, ಐದೈದು ಸಲದಂತೆ ಎರಡು ಸುತ್ತು ಸಾಕು. ಮಾರನೆಯ ದಿನ ತೊಡೆಯ ಹಿಂಭಾಗ ನೋಯುತ್ತದೆ. ನೋವು ಇಳಿದ ಮೇಲೆ ಮೆಲ್ಲಗೆ ಹೆಚ್ಚಿಸಿ.